ಚಿನ್ನದ ಪಿನ್ ಇದ್ರೆ ಚಿತ್ರ ಚೆಂದ ಆಗುತ್ತಾ?

ಹಬ್ಬಕ್ಕೆ ಹೊಸ ಟಿವಿ ತಗೊಳ್ಳೋಕೆ ಹೊರಟಿದ್ದೀರಾ? ಹಾಗಿದ್ರೆ ಟಿವಿ ಹಿಂದೆ ಸಿಕ್ಕಿಸೋ ಆ ಒಂದು ವೈರ್ ಬಗ್ಗೆ ಇವತ್ತು ಮಾತಾಡೋಣ.

ಕಳೆದ ದೀಪಾವಳಿಗೆ ನಮ್ಮ ಚಿಕ್ಕಪ್ಪ ಟಿವಿ ತಗೊಂಡ್ರು. ರಿಟೈರ್ ಆದವರು. ಪೆನ್ಷನ್‌ನಲ್ಲಿ ಉಳಿಸಿ ಕೂಡಿಟ್ಟ 40 ಸಾವಿರ. ಬಿಲ್ ಹಾಕೋ ಹೊತ್ತಿಗೆ ಅಂಗಡಿ ಹುಡುಗ ಒಂದು ಮಾತು ಬಿಟ್ಟ: "ಸಾರ್, 40 ಸಾವಿರದ ಟಿವಿಗೆ 300 ರೂಪಾಯಿ ಕೇಬಲ್ ಹಾಕ್ತೀರಾ?" ಮುಗೀತು, ಮರ್ಯಾದೆ ಪ್ರಶ್ನೆ ಆಯ್ತು. ಚಿನ್ನದ ಬಣ್ಣದ ಪಿನ್ ಇರೋ 3,500 ರೂಪಾಯಿಯ ಎಚ್‌ಡಿಎಂಐ ಕೇಬಲ್ ಮನೆಗೆ ಬಂತು.

ನಾನು ನೋಡೋಕೆ ಹೋದೆ. ಚಿಕ್ಕಪ್ಪ ಒಳಗೆ ಹೋದಾಗ ಆ ಕೇಬಲ್ ಕಿತ್ತು, ಸೆಟ್‌ಟಾಪ್ ಬಾಕ್ಸ್ ಜೊತೆ ಬಂದಿದ್ದ ಸಾಧಾರಣ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ಸುಮ್ಮನೆ ಕೂತೆ. ಅವರು ಬಂದು ಸ್ವಲ್ಪ ಹೊತ್ತು ಕ್ರಿಕೆಟ್ ನೋಡಿ, "ಏನು ಕ್ಲಿಯರ್ ನೋಡೋ, 3,500 ಕೊಟ್ಟಿದ್ದಕ್ಕೂ ಸಾರ್ಥಕ" ಅಂದ್ರು!

ಚಿಕ್ಕಪ್ಪನ ಕಣ್ಣಿನ ತಪ್ಪಲ್ಲ ಇದು. ನಾನು ಓದಿದ್ದು ಎಂಜಿನಿಯರಿಂಗ್, ಆದ್ರೆ ಇದನ್ನ ಅರ್ಥ ಮಾಡ್ಕೊಳ್ಳೋಕೆ ಯಾವ ಡಿಗ್ರಿನೂ ಬೇಡ. ಗದ್ದಲದ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು ನೀವು ಫೋನ್‌ನಲ್ಲಿ ಯಾರಿಗೋ ಮೊಬೈಲ್ ನಂಬರ್ ಹೇಳ್ತಿದ್ದೀರಿ ಅಂದ್ಕೊಳ್ಳಿ. ಸದ್ದು ಎಷ್ಟೇ ಇರಲಿ, ಆ ಕಡೆಯವರಿಗೆ "ಒಂಬತ್ತು" ಅಂತ ಕೇಳಿಸಿದ್ರೆ ಅವರು 9 ಅಂತಲೇ ಬರೀತಾರೆ. ಮುಕ್ಕಾಲು ಒಂಬತ್ತು ಅಂತ ಬರೆಯಲ್ಲ. ನೀವು ಲಕ್ಷ ರೂಪಾಯಿ ಫೋನ್‌ನಿಂದ ಹೇಳಿದ್ರೂ ಆ 9 ಇನ್ನೂ ಒಳ್ಳೆಯ 9 ಆಗಲ್ಲ.

ಎಚ್‌ಡಿಎಂಐ ಕೆಲಸ ಮಾಡೋದೂ ಹೀಗೇ. ಅದರಲ್ಲಿ ಹರಿಯೋದು ಸೊನ್ನೆ ಮತ್ತು ಒಂದು, ಅಷ್ಟೇ. ಅವು ಸರಿಯಾಗಿ ತಲುಪಿದ್ರೆ ಚಿತ್ರ ಪೂರ್ತಿ ಸರಿ. ತಲುಪದಿದ್ರೆ ಪರದೆ ಮೇಲೆ ಬಿಳಿ ಚುಕ್ಕೆಗಳು ಮಿನುಗ್ತವೆ, ಚಿತ್ರ ಹೋಗಿ ಹೋಗಿ ಬರುತ್ತೆ, ಇಲ್ಲಾ ಪರದೆಯೇ ಕಪ್ಪಾಗುತ್ತೆ. ಕೇಬಲ್‌ನಿಂದಾಗಿ ಬಣ್ಣ ಸ್ವಲ್ಪ ಮಂಕಾಗೋದು, ಮುಖ ಸ್ವಲ್ಪ ಮಸುಕಾಗೋದು ಇಲ್ಲಿ ನಡೆಯಲ್ಲ.

ಹಾಗಾದ್ರೆ ಈ ನಂಬಿಕೆ ಬಂದಿದ್ದೆಲ್ಲಿಂದ? ಹಳೇ ಹಳದಿ, ಕೆಂಪು, ಬಿಳಿ ಪಿನ್ನಿನ ಕೇಬಲ್ ನೆನಪಿದೆಯಾ? ಅದು ಅನಲಾಗ್. ಅಲ್ಲಿ ವೈರ್ ಕೆಟ್ಟದಿದ್ರೆ ಚಿತ್ರವೂ ಕೆಡ್ತಿತ್ತು. 2002ರಲ್ಲಿ ಎಚ್‌ಡಿಎಂಐ ಬಂತು, ತಂತ್ರಜ್ಞಾನ ಬದಲಾಯ್ತು. ಮಾರೋ ಮಾತು ಮಾತ್ರ ಹಳೆಯದೇ ಉಳೀತು. ಇನ್ನು ಚಿನ್ನದ ಲೇಪನ? ಪಿನ್ನಿಗೆ ತುಕ್ಕು ಹಿಡಿಯದ ಹಾಗೆ ನೋಡ್ಕೊಳ್ಳುತ್ತೆ. ಬಣ್ಣ ಹೆಚ್ಚಿಸೋದು ಅದರ ಕೆಲಸ ಅಲ್ಲ.

ಹಾಗಂತ ಎಲ್ಲ ಕೇಬಲ್ಲೂ ಒಂದೇ ಅಂತ ನಾನು ಹೇಳ್ತಿಲ್ಲ. ಒಂದು 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರ್ತವೆ. ಅಂಥ 60 ಚಿತ್ರಗಳು ಒಂದೇ ಸೆಕೆಂಡಿನಲ್ಲಿ ಹೋಗಬೇಕಂದ್ರೆ ದಾರಿ ಅಗಲ ಇರಬೇಕು. ಅದಕ್ಕೆ 'ಪ್ರೀಮಿಯಂ ಹೈ ಸ್ಪೀಡ್' ಅನ್ನೋ ಕೇಬಲ್ ಇದೆ, ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತೆ. ಮಕ್ಕಳು ಹೊಸ ಗೇಮ್ ಕನ್ಸೋಲ್‌ನಲ್ಲಿ 4ಕೆ, 120 ಫ್ರೇಮ್ ಆಡ್ತಾರಾ? 48 ಗಿಗಾಬಿಟ್‌ನ 'ಅಲ್ಟ್ರಾ ಹೈ ಸ್ಪೀಡ್' ಬೇಕು. ಅದರ ಪ್ಯಾಕಿನ ಮೇಲೆ ಸ್ಕ್ಯಾನ್ ಮಾಡೋ ಲೇಬಲ್ ಇರುತ್ತೆ, ನೋಡಿ ತಗೊಳ್ಳಿ. ಪ್ರೊಜೆಕ್ಟರ್‌ಗೆ ಗೋಡೆಯೊಳಗೆ 10-15 ಮೀಟರ್ ಎಳೀತೀರಾ? ಅಲ್ಲಿ ದುಡ್ಡು ಹಾಕೋದ್ರಲ್ಲಿ ಅರ್ಥ ಇದೆ. ಆದ್ರೆ ಟಿವಿಗೂ ಸೆಟ್‌ಟಾಪ್ ಬಾಕ್ಸಿಗೂ ಮಧ್ಯೆ ಇರೋ ಒಂದೂವರೆ ಮೀಟರ್‌ಗೆ ಸಾಧಾರಣ ಕೇಬಲ್ ಧಾರಾಳ ಸಾಕು.

ಚಿತ್ರ ಮಸುಕಾಗಿದ್ರೆ ಕಾರಣ ಬೇರೆ ಕಡೆ ಹುಡುಕಿ. ನೀವು ನೋಡ್ತಿರೋದು ಎಸ್‌ಡಿ ಚಾನೆಲ್ಲಾ? ಅದರಲ್ಲಿ ಇರೋದೇ ಸುಮಾರು 4 ಲಕ್ಷ ಚುಕ್ಕೆ, ಎಚ್‌ಡಿಯಲ್ಲಿ 20 ಲಕ್ಷ. ಬಾಕ್ಸ್‌ನಿಂದ ಹೊರಡದೇ ಇರೋ ಚುಕ್ಕೆಯನ್ನ ಯಾವ ಕೇಬಲ್ಲೂ ಸೃಷ್ಟಿ ಮಾಡಲ್ಲ. ನನ್ನ ಮುಖಾನೂ ಎಸ್‌ಡಿಯಲ್ಲಿ ಹಾಗೇ ಕಾಣೋದು, ಕ್ಷಮೆ ಇರಲಿ! ಬಾಕ್ಸ್ ಇನ್ನೂ ಹಳದಿ ಪಿನ್ನಿನಲ್ಲೇ ಇದ್ರೆ ಇವತ್ತೇ ಎಚ್‌ಡಿಎಂಐ ಹಾಕಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಟಿವಿ ಸೆಟ್ಟಿಂಗ್‌ನಲ್ಲಿ ಪಿಕ್ಚರ್ ಮೋಡ್ 'ವಿವಿಡ್' ಇದ್ರೆ 'ಸಿನಿಮಾ'ಗೆ ಬದಲಿಸಿ ನೋಡಿ, ಮುಖದ ಬಣ್ಣ ಸಹಜವಾಗುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಚಿಕ್ಕಪ್ಪನಿಗೆ ಕೇಬಲ್ ಬದಲಿಸಿದ ವಿಷಯ ಆಮೇಲೆ ಹೇಳಿದೆ. ಮೊದಲು ನಕ್ಕರು. ಆಮೇಲೆ, "ಮೊದಲೇ ನಿನ್ನ ಕೇಳಬೇಕಿತ್ತು ಕಣೋ. ಇಷ್ಟರಲ್ಲಿ ನಿಮ್ಮ ಚಿಕ್ಕಮ್ಮಂಗೆ ಒಂದು ಸೀರೆ ಬರ್ತಿತ್ತು" ಅಂದ್ರು. ಬಿಲ್ ಮೇಲೆ 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಅಚ್ಚಾಗಿತ್ತು.

ಹಾಗಾಗಿ ಅಂಗಡಿಯಲ್ಲಿ ಯಾರಾದ್ರೂ ನಿಮ್ಮ ಮರ್ಯಾದೆಯನ್ನ ಕೇಬಲ್ಲಿಗೆ ಕಟ್ಟಿದ್ರೆ, ಒಂದೇ ಪ್ರಶ್ನೆ ಕೇಳಿ: "ಎರಡೂ ಕೇಬಲ್ ಹಾಕಿ, ಇದೇ ಟಿವಿಯಲ್ಲಿ ವ್ಯತ್ಯಾಸ ತೋರಿಸ್ತೀರಾ?" ಉತ್ತರ ಬರೋವರೆಗೂ ಪರ್ಸ್ ಜೇಬಲ್ಲೇ ಇರಲಿ.