ಗಾಲಮನು ಕೊಟ್ಟ ಮಾತು

ಕಾಳಿದಾಸನ ದುಷ್ಯಂತನು ಶಾಪದಿಂದ ಮರೆತನು. ವ್ಯಾಸರ ದುಷ್ಯಂತನಾದರೋ ಮರೆಯಲೇ ಇಲ್ಲ, ಎಲ್ಲವೂ ನೆನಪಿದ್ದೂ ತುಂಬಿದ ಸಭೆಯಲ್ಲಿ ಇಲ್ಲವೆಂದನು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸನ ಶಾಪವೂ ಇಲ್ಲ, ಮೀನಿನ ಹೊಟ್ಟೆಯೂ ಇಲ್ಲ, ಉಂಗುರವೂ ಇಲ್ಲ. ನಾಯಕನ ಶೀಲಕ್ಕೆ ತಗುಲಿದ್ದ ಕಲೆಯನ್ನು ತೊಡೆಯುವುದಕ್ಕಾಗಿ ಕವಿಯು ಮುದ್ರಿಕೆಯೊಂದನ್ನು ಕಥೆಯೊಳಕ್ಕೆ ತಂದನೆಂಬುದನ್ನು ನಮ್ಮ ಪಂಡಿತರು ಪಾಠ ಹೇಳುವಾಗ ಚಪ್ಪರಿಸಿಕೊಂಡು ಹೇಳುತ್ತಿದ್ದರು. ಇದಕ್ಕೆ ತೀರ ವಿಲೋಮವಾದ ಪ್ರಸಂಗ, ಎಂದರೆ ಉಂಗುರವೊಂದರ ಮರ್ಯಾದೆಗಾಗಿ ಕರ್ತೃವೇ ತನ್ನ ನಾಯಕನ ಬಾಯಲ್ಲಿ ಬುದ್ಧಿಪೂರ್ವಕವಾಗಿ ಸುಳ್ಳನ್ನು ಇರಿಸಿದ ಪ್ರಸಂಗ, ನನಗೆ ಎದುರಾದುದು ಡಗ್ಲಾಸ್ ಆಂಡರ್ಸನ್ ಎಂಬವರು 1988ರಲ್ಲಿ ಹೊರತಂದ ‘ದಿ ಹಾಬಿಟ್’ ಕಥೆಯ ಸಟಿಪ್ಪಣ ಆವೃತ್ತಿಯಲ್ಲಿ; ಅದೂ ಮೂಲಪಾಠದಲ್ಲಲ್ಲ, ಪುಟದಂಚಿನಲ್ಲಿ, ಕಣ್ಣು ಕಿರಿದುಮಾಡಿ ಓದಬೇಕಾದ ಸಣ್ಣ ಅಕ್ಷರಗಳಲ್ಲಿ.

ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟಾಲ್ಕೀನರು, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಬೇಸತ್ತಿದ್ದಾಗ ಯಾವನೋ ಪುಣ್ಯಾತ್ಮನು ಬರೆಯದೆ ಬಿಟ್ಟಿದ್ದ ಹಾಳೆಯ ಮೇಲೆ ಬಿಲವಾಸಿಯಾದ ಹಾಬಿಟ್ ಒಂದನ್ನು ಕುರಿತು ಒಂದೇ ವಾಕ್ಯವನ್ನು ಗೀಚಿದರೆಂಬ ಕಥೆಯನ್ನು ಬಲ್ಲವರು ಬಹುಮಂದಿ. ಆ ವಾಕ್ಯವು ಬೆಳೆದು ಪುಸ್ತಕವಾಗಿ, ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ನರ ಹತ್ತು ವರ್ಷದ ಮಗ ರೇನರನು ಒಂದು ಷಿಲಿಂಗ್ ಸಂಭಾವನೆ ಪಡೆದು ಅದಕ್ಕೆ ಅನುಮತಿಯ ಮುದ್ರೆಯೊತ್ತಿ, 1937ರ ಸೆಪ್ಟೆಂಬರ್ 21ರಂದು ಅದು ಪ್ರಕಟವಾಯಿತು. ಅಚ್ಚಾದವು 1500 ಪ್ರತಿಗಳು; ಕ್ರಿಸ್‌ಮಸ್ಸಿಗೆ ಮೊದಲೇ ತೀರಿಹೋದವು.

ನಾನು ಹೇಳಹೊರಟಿರುವುದು ಆ 1500 ಪ್ರತಿಗಳ ಐದನೆಯ ಅಧ್ಯಾಯದ ವಿಷಯ. ಬಿಲ್ಬೋ ಬ್ಯಾಗಿನ್ಸ್ ಎಂಬ ಗಿಡ್ಡನೆಯ, ಊಟಪ್ರಿಯನಾದ ಗೃಹಸ್ಥನು ಪರ್ವತಗರ್ಭದ ಕಗ್ಗತ್ತಲೆಯಲ್ಲಿ ದಾರಿತಪ್ಪಿ ತಡಕಾಡುತ್ತಿರುವಾಗ ಕೈಗೆ ಉಂಗುರವೊಂದು ಸಿಕ್ಕುತ್ತದೆ. ಅದನ್ನು ಜೇಬಿಗೆ ಸೇರಿಸಿ ಮುಂದೆ ಸಾಗಿದರೆ ಭೂಗತ ಸರೋವರದ ದಡದಲ್ಲಿ ಗಾಲಮ್ ಎಂಬ ಸೊರಗಿದ, ಪೆಚ್ಚುಗಣ್ಣಿನ ಪ್ರಾಣಿಯೊಡನೆ ಒಗಟಿನ ಪಂದ್ಯವು ಗಂಟುಬೀಳುತ್ತದೆ. ಬಿಲ್ಬೋ ಸೋತರೆ ಗಾಲಮನಿಗೆ ಆಹಾರ. ಇಷ್ಟನ್ನು ಇಂದಿನ ಓದುಗರೂ ಬಲ್ಲರು. ಆದರೆ ಬಿಲ್ಬೋ ಗೆದ್ದರೆ? ಇಂದಿನ ಪುಸ್ತಕದಲ್ಲಿ ಗಾಲಮನು ಹೊರದಾರಿ ತೋರಬೇಕು. 1937ರ ಪುಸ್ತಕದಲ್ಲಿ ಅವನು ಒಂದು ಕಾಣಿಕೆಯನ್ನು ಕೊಡಬೇಕು, ಆ ಕಾಣಿಕೆಯೇ ಉಂಗುರ. ಪಂದ್ಯದಲ್ಲಿ ಸೋತ ಗಾಲಮನು, ಒಗಟಿನಾಟವು ಪುರಾತನವೂ ಪವಿತ್ರವೂ ಆದುದರಿಂದ ಅದರಲ್ಲಿ ಮೋಸ ಕೂಡದೆಂಬ ನಿಯಮವನ್ನು ಮನಸಾರೆ ಪಾಲಿಸುವವನಾಗಿ, ತನ್ನ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಉಂಗುರವನ್ನು ಹುಡುಕುತ್ತಾನೆ. ಸಿಕ್ಕದೆ ಹೋಗಲು ಮರಳಿ ಬಂದು, ಎಷ್ಟು ಸಲವೆಂದು ಲೆಕ್ಕವಿಲ್ಲದಷ್ಟು ಸಲ ಕ್ಷಮೆ ಬೇಡುತ್ತಾನೆ. ನರಭಕ್ಷಕನೇ ಸರಿ, ಆದರೆ ಆಡಿದ ಮಾತಿಗೆ ತಪ್ಪದ ನರಭಕ್ಷಕ! ನಮ್ಮ ಪುಣ್ಯಕೋಟಿಯ ಕಥೆಯ ಹುಲಿಗೆ ಇವನನ್ನು ದೂರದ ಬಂಧುವೆನ್ನಬಹುದು.

ಬಿಲ್ಬೋವಿನ ನಡತೆಯಾದರೋ ಸ್ವಲ್ಪ ವಕೀಲರ ಮಾದರಿಯದು. ಸಿಕ್ಕಿದ್ದರೆ ಉಂಗುರವು ಹೇಗೂ ನನ್ನದಾಗುತ್ತಿತ್ತು, ಆದುದರಿಂದ ನೀನು ಕಳೆದುಕೊಂಡದ್ದು ಏನೂ ಇಲ್ಲ, ದಾರಿ ತೋರಿಸಿದರೆ ಋಣ ತೀರಿತು ಎಂದು ಉದಾರಿಯಂತೆ ನುಡಿಯುವಾಗ ಆ ಉಂಗುರವು ಅವನ ಜೇಬಿನಲ್ಲಿಯೇ ಬೆಚ್ಚಗಿದ್ದಿತು. ಗಾಲಮನು ದಾರಿ ತೋರಿಸಿದನು, ಇಬ್ಬರೂ ಬೀಳ್ಕೊಂಡರು. ಬೆನ್ನಟ್ಟುವಿಕೆಯಿಲ್ಲ, ಶಾಪವಿಲ್ಲ, ಕರುಣೆಗೆ ಸಂದರ್ಭವೂ ಇಲ್ಲ.

ಪುಸ್ತಕ ಗೆದ್ದಿತು, ಪ್ರಕಾಶಕರು ಇನ್ನೊಂದನ್ನು ಕೇಳಿದರು, ಅದೇ ವರ್ಷದ ಡಿಸೆಂಬರಿನಲ್ಲಿ ಟಾಲ್ಕೀನರು ಎರಡನೆಯ ಕಥೆಗೆ, ಎಂದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ, ಕೈಹಾಕಿದರು. ಎರಡನ್ನೂ ಬೆಸೆಯುವ ಕೊಂಡಿ ಯಾವುದು? ಉಂಗುರ. ಅದುವರೆಗೆ ಅದು ಗ್ರೀಸಿನ ಪ್ಲೇಟೋ ಹೇಳಿದ ಗೈಜೀಸನ ಉಂಗುರದಂತೆ, ತೊಟ್ಟವನನ್ನು ಅದೃಶ್ಯನನ್ನಾಗಿಸುವ ಒಂದು ಅನುಕೂಲವಸ್ತು ಮಾತ್ರವಾಗಿದ್ದು, ಯಾವುದರ ಸಂಕೇತವೂ ಆಗಿರಲಿಲ್ಲ. ಬರೆಯುತ್ತ ಬರೆಯುತ್ತ ಅದಕ್ಕೆ ಒಡೆಯನೊಬ್ಬನು ಹುಟ್ಟಿದನು. ಒಡೆಯನು ಹುಟ್ಟಿದೊಡನೆ, ಅದನ್ನು ಇಟ್ಟುಕೊಂಡವನನ್ನು ಅದು ಒಳಗಿನಿಂದ ತಿನ್ನಬೇಕಾಯಿತು. ಮುಂದಿನ ಹನ್ನೆರಡು ವರ್ಷಗಳ ವೃತ್ತಾಂತವನ್ನು, ಎಂದರೆ ಯುದ್ಧ, ಕಾಗದದ ಅಭಾವ, ತಿಂಗಳುಗಟ್ಟಲೆ ನಿಂತುಹೋದ ಲೇಖನಿ ಇವೆಲ್ಲವನ್ನೂ, ನಾನು ಹಾರಿಸುತ್ತೇನೆ. ಕಷ್ಟವೇನೆಂದರೆ, ಯಾರೂ ಮನಸಾರೆ ಬಿಟ್ಟುಕೊಡಲಾರದ ಇಂಥ ಉಂಗುರವನ್ನು ಗಾಲಮನು ಪಂದ್ಯದ ಕಾಣಿಕೆಯಾಗಿ ಕೊಡಲು ಒಪ್ಪಿದನೆಂದು ಅಚ್ಚಾದ ಪುಸ್ತಕವೇ ಸಾಕ್ಷಿ ನುಡಿಯುತ್ತಿದ್ದಿತು.

1947ರ ಸೆಪ್ಟೆಂಬರಿನಲ್ಲಿ ಟಾಲ್ಕೀನರು ಆ ಅಧ್ಯಾಯವನ್ನು ಹೊಸದಾಗಿ ಬರೆದು, ಹೀಗೂ ಇರಬಹುದೇ ನೋಡಿ ಎಂಬ ಭಾವದಿಂದ, ಕೆಲವು ಮುದ್ರಣದೋಷಗಳ ತಿದ್ದುಪಡಿಯೊಡನೆ ಅನ್ವಿನ್ನರಿಗೆ ಕಳುಹಿಸಿದರು. ಉತ್ತರವೇ ಇಲ್ಲ. ಅವರು ಆ ಪ್ರಸ್ತಾಪವು ಬಿದ್ದುಹೋಯಿತೆಂದೇ ತಿಳಿದಿದ್ದರು. 1950ರಲ್ಲಿ ಒಂದು ದಿನ ಹೊಸ ಆವೃತ್ತಿಯ ಕರಡಚ್ಚು ಕೈಸೇರಿದಾಗ ನೋಡುತ್ತಾರೆ: ಮಾದರಿಗೆಂದು ಕಳುಹಿಸಿದ್ದ ಅಧ್ಯಾಯವು ಮೂಲದ ಸ್ಥಾನದಲ್ಲಿ ಸುಖಾಸೀನವಾಗಿದೆ! ಗುಮಾಸ್ತಗಿರಿಯ ತಪ್ಪುತಿಳಿವಳಿಕೆಯಿಂದ ಒಂದು ಮಹಾಕಥೆಯ ಬೆನ್ನೆಲುಬು ನೆಟ್ಟಗಾದ ದೃಷ್ಟಾಂತವು ಬೇರೊಂದು ಉಂಟೋ ಇಲ್ಲವೋ ಕಾಣೆ. ಗ್ರಂಥಕರ್ತರು ಚಕಿತರಾದರು, ಯೋಚಿಸಿದರು, ಒಪ್ಪಿದರು; 1951ರಲ್ಲಿ ಎರಡನೆಯ ಆವೃತ್ತಿ ಹೊರಬಂದಿತು.

ಹಳೆಯ ಪ್ರತಿಗಳನ್ನು ಏನು ಮಾಡುವುದು? ಮನೆಮನೆಗಳಲ್ಲಿದ್ದ ಅವುಗಳನ್ನು ಸುಡಲಾಗುವುದಿಲ್ಲವಷ್ಟೆ. ಇಲ್ಲಿ ಪ್ರಾಧ್ಯಾಪಕರ ಪಾಠಾಂತರವಿದ್ಯೆಯು ನೆರವಿಗೆ ಬಂದಿತು. ಹಳೆಯ ಪಾಠವು ಸುಳ್ಳಲ್ಲ, ಅದು ಬಿಲ್ಬೋ ಹೇಳಿದ ಸುಳ್ಳು, ಎಂದು ಅವರು ತೀರ್ಮಾನಿಸಿದರು: ಉಂಗುರದ ಮೇಲಿನ ತನ್ನ ಹಕ್ಕನ್ನು ಭದ್ರಪಡಿಸಿಕೊಳ್ಳಲು ಅವನು ಗೆಳೆಯರಿಗೆ ಹಾಗೆ ಹೇಳಿದನು, ತನ್ನ ದಿನಚರಿಯಲ್ಲಿಯೂ ಹಾಗೆಯೇ ಬರೆದನು. ಸಹಜವಾಗಿ ಸತ್ಯವಂತನಾದವನು ಈ ಒಂದು ವಿಷಯದಲ್ಲಿ ಮಾತ್ರ ಹುಸಿದನಲ್ಲಾ ಎಂಬುದರಿಂದಲೇ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫನಿಗೆ ಉಂಗುರದ ಮೇಲೆ ಸಂಶಯ ಮೂಡುವುದು. ತನ್ನ ಹುಟ್ಟುಹಬ್ಬದ ಉಡುಗೊರೆಯೆಂದು ಗಾಲಮನು ಹೇಳಿಕೊಳ್ಳುವ ಮಾತು ಮೊದಲ ಪುಸ್ತಕದಲ್ಲಿ ನಿಜವೇ ಆಗಿದ್ದಿತು. ಈಗ ಅದರ ಹಿಂದೆ, ಉಂಗುರಕ್ಕಾಗಿ ಗಾಲಮನು ಮಾಡಿದ ಕೊಲೆಯೊಂದು ಬಂದು ನಿಂತಿತು. ಕೊಲೆಗಾರನದೂ ಸಜ್ಜನನದೂ ಒಂದೇ ಬಗೆಯ ಸುಳ್ಳು. ಸಾಂಕೇತಿಕತೆಯೆಂದರೆ ಕಥೆಯ ಮೇಲೆ ಹಚ್ಚುವ ಬಣ್ಣವೆಂದು ತಿಳಿದ ವಿಮರ್ಶಕರು ಈ ದುರಸ್ತಿಯ ಕೆಲಸವನ್ನು ಹತ್ತಿರದಿಂದ ನೋಡಬೇಕು.

ಹೊಸ ಅಧ್ಯಾಯದಲ್ಲಿ ಗಾಲಮನು ಕಣ್ಣಲ್ಲಿ ಹಸುರು ಕಿಡಿ ಕಾರುತ್ತ ಬೆನ್ನಟ್ಟಿ, ಅದೃಶ್ಯನಾದ ಬಿಲ್ಬೋವಿಗೆ ಅರಿಯದೆ ತಾನೇ ದಾರಿತೋರುಗನಾಗಿ, ಕೊನೆಗೆ ಹೊರದಾರಿಗೆ ಅಡ್ಡಲಾಗಿ ಕುಳಿತುಬಿಡುತ್ತಾನೆ. ಬಿಲ್ಬೋವಿನ ಕೈಯಲ್ಲಿ ಕತ್ತಿಯಿದೆ. ಕೊಂದರೆ ಕೇಳುವವರಿಲ್ಲ, ಕಾಣುವವರೂ ಇಲ್ಲ. ಆಗ ಆ ಕತ್ತಲೆ, ಆ ತಣ್ಣನೆಯ ಕಲ್ಲು, ಆ ಮೀನು, ಆ ಪಿಸುಮಾತು ಇವಲ್ಲದೆ ಇನ್ನೇನೂ ಇಲ್ಲದ ಒಂದು ಬಾಳು ಅವನಿಗೆ ಕ್ಷಣಮಾತ್ರ ಗೋಚರವಾಗಿ, ಕೊಲ್ಲದೆ ಅವನು ಗಾಲಮನ ತಲೆಯ ಮೇಲಿಂದ ಕತ್ತಲೆಗೆ ನೆಗೆಯುತ್ತಾನೆ. ಈ ನೆಗೆತವಿಲ್ಲದಿದ್ದರೆ ಕಥಾಂತ್ಯವೇ ಇಲ್ಲ. ಏಕೆಂದರೆ ಉಂಗುರವನ್ನು ಬೆಂಕಿಗೆ ಹಾಕಲು ಹೊರಟ, ಎರಡನೆಯ ಕಥೆಯ ನಾಯಕ ಫ್ರೋಡೋ ಅಗ್ನಿಪರ್ವತದ ಅಂಚಿನಲ್ಲಿ ಸೋಲುತ್ತಾನೆ, ಉಂಗುರವು ತನ್ನದೆನ್ನುತ್ತಾನೆ. ಅವನ ಬೆರಳನ್ನು ಕಚ್ಚಿ ಕಿತ್ತು ಉಂಗುರದೊಡನೆ ಬೆಂಕಿಗೆ ಬೀಳುವವನು, ಅಂದು ಬಿಲ್ಬೋ ಕೊಲ್ಲದೆ ಬಿಟ್ಟ, ಮುಂದೆ ಫ್ರೋಡೋವೂ ಕನಿಕರಿಸಿ ಉಳಿಸಿಕೊಂಡ ಗಾಲಮನೇ. ಫ್ರೋಡೋವನ್ನು ಸನ್ಮಾನಿಸುವ ಬದಲು ದ್ರೋಹಿಯೆಂದು ವಧಿಸಬೇಕಾಗಿತ್ತೆಂದು ಓದುಗರೊಬ್ಬರು ಕ್ರುದ್ಧರಾಗಿ ಟಾಲ್ಕೀನರಿಗೆ ಪತ್ರ ಬರೆದರಂತೆ. ಗೆದ್ದವನೇ ವೀರನೆಂದು ನಂಬಿದವರು ಬೇರೆ ಏನು ಬರೆದಾರು?

ಇಷ್ಟೆಲ್ಲ ಲಾಭವಾಯಿತೆಂಬುದನ್ನು ಒಪ್ಪಿಕೊಂಡೂ ನನ್ನ ಮನಸ್ಸು ಹಳೆಯ ಗಾಲಮನಿಗಾಗಿ ಮರುಗುವುದನ್ನು ನಿಲ್ಲಿಸಿಲ್ಲ. ಎರಡನೆಯ ಕಥೆಯಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ ನಿದ್ರಿಸುತ್ತಿರುವ ಫ್ರೋಡೋವಿನ ಮೊಣಕಾಲನ್ನು ಗಾಲಮನು ಮುದಿಕೈಯಿಂದ ಮೆಲ್ಲನೆ ಮುಟ್ಟುವ ಒಂದು ಗಳಿಗೆಯಿದೆ. ಪಶ್ಚಾತ್ತಾಪವು ಕೂದಲೆಳೆಯಷ್ಟು ದೂರದಲ್ಲಿದೆ. ಆಗ ಫ್ರೋಡೋವಿನ ಜೊತೆಗಾರ ಸ್ಯಾಮನು ಎಚ್ಚತ್ತು ಗದರಿಸುತ್ತಾನೆ, ಎಲ್ಲವೂ ಕೈಜಾರುತ್ತದೆ. ದಕ್ಷಿಣ ಆಫ್ರಿಕದಲ್ಲಿ ವಿಮಾನದಳದ ತರಬೇತಿಯಲ್ಲಿದ್ದ ಮಗ ಕ್ರಿಸ್ಟೋಫರನಿಗೆ 1944ರಲ್ಲಿ ಈ ಭಾಗಗಳನ್ನು ಕಂತುಕಂತಾಗಿ ಕಳುಹಿಸಿದ ಟಾಲ್ಕೀನರು, ಮರುವರ್ಷದ ಜನವರಿಯ ಪತ್ರದಲ್ಲಿ, ತಮ್ಮನ್ನು ಹೆಚ್ಚಾಗಿ ಕಲಕಿದ ಸ್ಥಳಗಳಲ್ಲಿ ಇದನ್ನೂ ಎಣಿಸಿದ್ದಾರೆ. ಆ ಕೈಯನ್ನು ನಾವು ನಂಬುವುದು ಯಾವ ಆಧಾರದಿಂದ? ಒಮ್ಮೆ ಸೋಲನ್ನು ಒಪ್ಪಿ, ಕ್ಷಮೆ ಬೇಡಿ, ಮಾತು ಉಳಿಸಿಕೊಂಡ ಗಾಲಮನ ಆಧಾರದಿಂದ ಎಂದು ನನಗೆ ತೋರುತ್ತದೆ. ಅವನನ್ನೇ ಪುಸ್ತಕದಿಂದ ಹೊರಗೆ ಕಳುಹಿಸಿಬಿಟ್ಟರು.

1960ರಲ್ಲಿ ಟಾಲ್ಕೀನರು ‘ದಿ ಹಾಬಿಟ್’ ಅನ್ನು ಎರಡನೆಯ ಕಥೆಯ ಗಂಭೀರ ಶೈಲಿಗೆ ಹೊಂದುವಂತೆ ಮೊದಲಿನಿಂದ ಮತ್ತೆ ಬರೆಯಲು ತೊಡಗಿ, ಚೆನ್ನಾಗಿದೆ, ಆದರೆ ಇದು ಆ ಪುಸ್ತಕವಲ್ಲ ಎಂದು ಸ್ನೇಹಿತರೊಬ್ಬರು ಅಭಿಪ್ರಾಯಪಡಲು ಕೈಬಿಟ್ಟರು. ಆ ಸ್ನೇಹಿತರು 1947ರಲ್ಲಿಯೂ ಹತ್ತಿರವಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಭಯವಾಗುತ್ತದೆ. ಆಂಡರ್ಸನ್ನರ ಅಂಚಿನಲ್ಲಂತೂ ಗಾಲಮನು, ಕೊಡಬೇಕೆಂದಿದ್ದ ಕಾಣಿಕೆ ಸಿಕ್ಕದ ಸಂಕಟದಿಂದ, ಅದರ ಬದಲಿಗೆ ರಸಭರಿತವಾದ ಮೀನು ಹಿಡಿದುಕೊಡಲೇ ಎಂದು ಇನ್ನೂ ಕೇಳುತ್ತಲೇ ಇದ್ದಾನೆ. ಬಿಲ್ಬೋ ಒಳಗೊಳಗೇ ನಡುಗಿ, ಆದಷ್ಟು ವಿನಯದಿಂದ, ಬೇಡವೆನ್ನುತ್ತಿದ್ದಾನೆ.