ಕೋಳಿಮರಿಯು ಮೊಟ್ಟೆಯೊಡೆದು ಹೊರಬರುವ ಸಮಯದಲ್ಲಿ ಅನುಸರಿಸತಕ್ಕ ಕ್ರಮ

ಕೋಳಿ ಸಾಕುವವರು ಹೇಟೆಯನ್ನು ಕಾವಿಗೆ ಕೂರಿಸುವಾಗ ಸಾಮಾನ್ಯವಾಗಿ ಬಹಳ ಎಚ್ಚರಿಕೆಯಿಂದ ಇರುತ್ತಾರೆ. ಒಳ್ಳೆಯ ಮೊಟ್ಟೆಗಳನ್ನು ಆರಿಸುತ್ತಾರೆ; ಮಂಕರಿಯಲ್ಲಿ ಹುಲ್ಲು ಹಾಸುತ್ತಾರೆ; ಇಲಿ ಬೆಕ್ಕುಗಳು ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. ಹೀಗೆ ೨೦ ದಿನಗಳು ಕಾದವರೇ ೨೧ನೆಯ ದಿನ ಕೆಲವು ಗಂಟೆಗಳ ಕಾಲ ತಾಳಲಾರದೆ ತಮ್ಮ ಕೈಯಿಂದಲೇ ಮರಿಯನ್ನು ಕೊಲ್ಲುವುದುಂಟೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಇದು ಆಗಾಗ್ಗೆ ನಡೆಯುವ ಸಂಗತಿಯೇ ಆಗಿದೆ.

ಈ ಲೇಖಕನು ಕಣ್ಣಾರೆ ಕಂಡ ಪ್ರಸಂಗವೊಂದನ್ನು ಇಲ್ಲಿ ಹೇಳಬಹುದು. ಜಮೀನುದಾರರೊಬ್ಬರ ಮನೆಯಲ್ಲಿ ೧೨ ಮೊಟ್ಟೆಗಳನ್ನು ಕಾವಿಗಿಟ್ಟು, ೮ ಮರಿಗಳು ಹೊರಬಿದ್ದಿದ್ದವು. ಉಳಿದವುಗಳಲ್ಲಿ ಮೂರು ಬೆಳಗ್ಗೆಯೇ ಬಿರುಕುಬಿಟ್ಟಿದ್ದರೂ ಸಂಜೆಯವರೆಗೆ ಹಾಗೆಯೇ ಇದ್ದವು. ಒಳಗಿನಿಂದ ಮರಿಯ ಕೂಗು ಮಾತ್ರ ಕೇಳಿಬರುತ್ತಿತ್ತು. ಮನೆಯ ಯಜಮಾನರು ಕನಿಕರಗೊಂಡು ಎರಡು ಮೊಟ್ಟೆಗಳ ಚಿಪ್ಪನ್ನು ಸುಲಿದರು. ಒಂದರ ಪೊರೆಯಿಂದ ರಕ್ತವು ಸುರಿಯಿತು. ಇನ್ನೊಂದರ ಹೊಕ್ಕುಳಿನಲ್ಲಿ ಹಳದಿ ಲೋಳೆಯು ಇನ್ನೂ ಹೊರಗೇ ಇದ್ದಿತು. ಎರಡು ಮರಿಗಳೂ ಸತ್ತವು. ಮೂರನೆಯದನ್ನು ಮುಟ್ಟಲು ಧೈರ್ಯವಿಲ್ಲದೆ ಹೇಟೆಯ ಕೆಳಗೇ ಬಿಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಅದು ತಾನಾಗಿಯೇ ಹೊರಬಂದು ತಾಯಿಯ ರೆಕ್ಕೆಯಡಿಯಲ್ಲಿ ಒಣಗುತ್ತಿತ್ತು. ಆ ಯಜಮಾನರಲ್ಲಿ ದಯೆಗೆ ಕೊರತೆಯಿರಲಿಲ್ಲ. ಮೊಟ್ಟೆಯೊಳಗೆ ಏನು ನಡೆಯುತ್ತಿದೆಯೆಂಬ ತಿಳಿವಳಿಕೆಯೊಂದೇ ಇರಲಿಲ್ಲ.

ಒಳಗೆ ನಡೆಯುವುದೇನೆಂದರೆ: ಸುಮಾರು ೧೯ ಅಥವಾ ೨೦ನೆಯ ದಿನ ಮರಿಯು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಗೆ ಕೊಕ್ಕನ್ನು ತೂರಿಸಿ ಮೊದಲ ಬಾರಿಗೆ ಶ್ವಾಸಕೋಶಗಳಿಂದ ಉಸಿರಾಡುತ್ತದೆ. ಅದುವರೆಗೆ ಅದಕ್ಕೆ ಗಾಳಿಯನ್ನು ಒದಗಿಸುತ್ತಿದ್ದುದು ಚಿಪ್ಪಿನ ಒಳಮೈಗೆ ಹತ್ತಿಕೊಂಡ ಪೊರೆಯ ರಕ್ತನಾಳಗಳು. ಆ ಕೋಣೆಯ ಗಾಳಿಯು ಸಾಲದೆ ಬಂದಾಗ ಮರಿಯು ಕೊಕ್ಕಿನ ತುದಿಯಲ್ಲಿರುವ ಗಟ್ಟಿಯಾದ ಮೊನೆಯಿಂದ ಚಿಪ್ಪನ್ನು ಕುಟ್ಟಿ ಬಿರುಕು ಮಾಡುತ್ತದೆ. ಅನಂತರ ಬಹಳ ಹೊತ್ತು ಸುಮ್ಮನಿರುತ್ತದೆ. ನೋಡುವವರಿಗೆ ಮರಿಯು ಸೋತಿತೆಂದು ತೋರುವುದು ಈ ಹೊತ್ತಿನಲ್ಲಿಯೇ. ಆದರೆ ಪೊರೆಯ ನಾಳಗಳಲ್ಲಿದ್ದ ರಕ್ತವು ಮರಿಯ ದೇಹಕ್ಕೆ ಸೇರುವುದೂ, ಉಳಿದ ಹಳದಿ ಲೋಳೆಯು ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಹೋಗಿ ಮುಗಿಯುವುದೂ ಈ ವಿಶ್ರಾಂತಿಯ ಕಾಲದಲ್ಲಿಯೇ. ಇವೆರಡೂ ಮುಗಿದ ಮೇಲೆ ಮರಿಯು ಮೊಟ್ಟೆಯೊಳಗೆ ಸುತ್ತುತ್ತ ಚಿಪ್ಪನ್ನು ಉಂಗುರದಂತೆ ಕತ್ತರಿಸಿ, ಕಾಲುಗಳಿಂದ ಒದ್ದು ಹೊರಬರುತ್ತದೆ. ಮೊದಲ ಬಿರುಕಿನಿಂದ ಇದಕ್ಕೆ ಸಾಧಾರಣವಾಗಿ ೧೨ ರಿಂದ ೧೮ ಗಂಟೆಗಳು, ಕೆಲವು ವೇಳೆ ೨೪ ಗಂಟೆಗಳೂ ಹಿಡಿಯುವುವು. ಆದುದರಿಂದ ಬಿರುಕು ಕಂಡ ಹೊತ್ತನ್ನು ಗೋಡೆಯ ಮೇಲೆ ಗುರುತುಹಾಕಿಕೊಂಡು ಕಾಯುವುದೇ ಮೊದಲನೆಯ ನೆರವು.

ಹಾಗಾದರೆ ಕೈಹಾಕಲೇಬಾರದೆ? ಕೆಲವು ಸಂದರ್ಭಗಳಲ್ಲಿ ಹಾಕಬೇಕಾಗುತ್ತದೆ. ಬಿರುಕು ಕಂಡು ೨೪ ಗಂಟೆಗಳು ಕಳೆದರೂ ಅದು ಮುಂದುವರಿಯದಿದ್ದರೆ; ಚಿಪ್ಪನ್ನು ಸ್ವಲ್ಪ ದೂರ ಕತ್ತರಿಸಿ ನಿಂತು, ಪೊರೆಯು ಕಾಗದದಂತೆ ಒಣಗಿ ಮರಿಯ ಮೈಗೆ ಅಂಟಿದ್ದರೆ; ಅಥವಾ ಮರಿಯು ತಲೆಕೆಳಗಾಗಿ ಮೊಟ್ಟೆಯ ಚೂಪು ತುದಿಯಲ್ಲಿ ಬಿರುಕುಮಾಡಿ, ಕೂಗು ವರವರ ಕ್ಷೀಣಿಸುತ್ತಿದ್ದರೆ ನೆರವು ಬೇಕು. ಹೇಟೆಯು ಮೊದಲು ಹುಟ್ಟಿದ ಮರಿಗಳೊಡನೆ ಗೂಡನ್ನು ಬಿಟ್ಟು ಹೊರಟುಹೋದರೆ, ಬಿರುಕುಬಿಟ್ಟ ಮೊಟ್ಟೆಗಳಿಗೆ ಬೇಕಾದುದು ಬಿಸಿಯೇ ಹೊರತು ಸುಲಿಯುವುದಲ್ಲ. ಅವುಗಳನ್ನು ಕಾವಿಗೆ ಕೂತ ಬೇರೊಂದು ಹೇಟೆಯ ಕೆಳಗಾಗಲಿ ಕಾವುಪೆಟ್ಟಿಗೆಯಲ್ಲಾಗಲಿ ಕೂಡಲೆ ಇಡತಕ್ಕದ್ದು.

ನೆರವು ನೀಡುವ ಕ್ರಮವು ಹೀಗಿದೆ:

(೧) ಕೈಗಳನ್ನು ಸೋಪಿನಿಂದ ತೊಳೆದುಕೊಂಡು, ಗಾಳಿ ಬೀಸದ ಬೆಚ್ಚನೆಯ ಸ್ಥಳದಲ್ಲಿ ಕುಳಿತುಕೊಳ್ಳಬೇಕು. ಮೈ ಬಿಸಿಯಷ್ಟು ಬೆಚ್ಚಗಿರುವ ನೀರನ್ನೂ ಶುಭ್ರವಾದ ಹತ್ತಿಯನ್ನೂ ಹತ್ತಿರ ಇಟ್ಟುಕೊಳ್ಳಬೇಕು.

(೨) ಹತ್ತಿಯನ್ನು ನೀರಿನಲ್ಲದ್ದಿ ಹಿಂಡಿ, ಒಣಗಿದ ಪೊರೆಯನ್ನು ಮೆಲ್ಲಗೆ ತೇವ ಮಾಡಬೇಕು. ಮರಿಯ ಮೂಗಿಗೆ ನೀರು ಹೋಗಕೂಡದು.

(೩) ಬಿರುಕಿನ ಬಳಿ ಚಿಪ್ಪಿನ ಚೂರುಗಳನ್ನು ತೆಗೆದು, ಉಸಿರಾಡಲು ಕಡಲೆಕಾಳಿನಷ್ಟು ರಂಧ್ರವನ್ನು ಮಾಡಿ, ಮೊಟ್ಟೆಯನ್ನು ಪುನಃ ಕಾವಿಗಿಟ್ಟು ಒಂದೆರಡು ಗಂಟೆ ಕಾಯಬೇಕು. ಅನೇಕ ಮರಿಗಳಿಗೆ ಇಷ್ಟೇ ಸಾಕಾಗುತ್ತದೆ.

(೪) ಸಾಲದಿದ್ದರೆ ಗಾಳಿಯ ಕೋಣೆಯ ಮೇಲಿನ ಚಿಪ್ಪನ್ನು ಮಾತ್ರ ಚೂರುಚೂರಾಗಿ ತೆಗೆಯಬೇಕು. ಒದ್ದೆಮಾಡಿದ ಪೊರೆಯಲ್ಲಿ ಕೆಂಪು ನಾಳಗಳು ಕಂಡರೆ ಕಾಲವು ಇನ್ನೂ ಕೂಡಿಬಂದಿಲ್ಲವೆಂದು ತಿಳಿದು ನಿಲ್ಲಿಸಬೇಕು. ಒಂದು ತೊಟ್ಟು ರಕ್ತ ಬಂದರೂ ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು, ಅದು ನಿಂತ ಮೇಲೆ ಮೊಟ್ಟೆಯನ್ನು ಹಲವು ಗಂಟೆಗಳ ಕಾಲ ಮುಟ್ಟದೆ ಕಾವಿನಲ್ಲಿಡತಕ್ಕದ್ದು.

(೫) ನಾಳಗಳು ಬಿಳಿಚಿದ ಮೇಲೆ ಪೊರೆಯನ್ನು ಸರಿಸಿ ತಲೆಯನ್ನು ಬಿಡಿಸಬಹುದು. ಆದರೆ ಮರಿಯನ್ನು ಎಂದಿಗೂ ಎಳೆಯಕೂಡದು. ಹಿಂಭಾಗವು ಚಿಪ್ಪಿನಲ್ಲಿಯೇ ಇರಲಿ; ಹೊಕ್ಕುಳು ಮುಚ್ಚಿದ ಮೇಲೆ ಅದು ತಾನೇ ಒದ್ದು ಹೊರಬರಲಿ.

ಹೀಗೆ ಹೊರಬಂದ ಮರಿಯ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ನನ್ನು ಸವರಿ ಬೆಚ್ಚಗೆ ಒಣಗಲು ಬಿಡಬೇಕು. ಹೊಟ್ಟೆಯೊಳಗಿನ ಹಳದಿ ಲೋಳೆಯು ಎರಡು ದಿನಗಳವರೆಗೆ ಅದಕ್ಕೆ ಆಹಾರವಾಗುವುದರಿಂದ ಬಲವಂತವಾಗಿ ತಿನ್ನಿಸಬೇಕಾದುದಿಲ್ಲ. ಎಷ್ಟು ಎಚ್ಚರಿಕೆ ವಹಿಸಿದರೂ ಕೆಲವು ಮರಿಗಳು ಉಳಿಯವು. ಉಳಿದವುಗಳನ್ನೂ ತಳಿಗಾಗಿ ಆರಿಸದಿರುವುದು ಲೇಸು.

ಗೂಡಿನಲ್ಲಿ ಒಂದು ಮರಿ ಸಿಕ್ಕಿಕೊಂಡರೆ ಅದು ಆಕಸ್ಮಿಕವೆನ್ನಬಹುದು. ನಾಲ್ಕಾರು ಸಿಕ್ಕಿಕೊಂಡರೆ ದೋಷವು ಹಿಂದಿನ ೨೦ ದಿನಗಳಲ್ಲಿದೆಯೆಂದು ತಿಳಿಯತಕ್ಕದ್ದು. ಕಾವಿಗಿಡುವ ಮೊಟ್ಟೆಗಳು ಒಂದು ವಾರಕ್ಕಿಂತ ಹಳೆಯವಾಗಿರಬಾರದು. ಬೀಸಣಿಗೆಯುಳ್ಳ ಕಾವುಪೆಟ್ಟಿಗೆಯಲ್ಲಿ ಶಾಖವು ೩೭.೫ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಮೊಟ್ಟೆಗಳನ್ನು ೧೮ನೆಯ ದಿನದವರೆಗೆ ದಿನಕ್ಕೆ ಮೂರರಿಂದ ಐದು ಬಾರಿ ತಿರುಗಿಸಿ, ಅನಂತರ ನಿಲ್ಲಿಸಬೇಕು. ಗಾಳಿಯ ತೇವಾಂಶವು ಮೊದಲ ೧೮ ದಿನ ಶೇಕಡ ೫೦ ರಿಂದ ೫೫, ಕೊನೆಯ ಮೂರು ದಿನ ಶೇಕಡ ೬೫ ರಿಂದ ೭೦ ಇರತಕ್ಕದ್ದು. ೫೦ ಗ್ರಾಂ ತೂಕದ ಮೊಟ್ಟೆಯು ೧೮ನೆಯ ದಿನ ಸುಮಾರು ೪೪ ಗ್ರಾಂ ತೂಗಿದರೆ ತೇವವು ಸರಿಯಾಗಿದ್ದಿತೆಂದು ಅರ್ಥ. ಕೊನೆಯ ಮೂರು ದಿನಗಳಲ್ಲಿ ಕುತೂಹಲದಿಂದ ಪೆಟ್ಟಿಗೆಯ ಬಾಗಿಲನ್ನು ತೆರೆದು ನೋಡುವುದೇ ಪೊರೆಯು ಒಣಗಲು ಮುಖ್ಯ ಕಾರಣ. ಹೇಟೆಯು ಈ ಲೆಕ್ಕಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಆ ದಿನಗಳಲ್ಲಿ ಅದನ್ನು ಎಬ್ಬಿಸದಿರುವುದೊಂದೇ ನಾವು ಮಾಡಬೇಕಾದ ಕೆಲಸ. ಕಡುಬೇಸಗೆಯಲ್ಲಿ ಗೂಡಿನ ಸುತ್ತಲ ನೆಲಕ್ಕೆ ನೀರು ಚಿಮುಕಿಸಿದರೆ ಒಳ್ಳೆಯದು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ತಮ್ಮ ಮನೆಗಳಲ್ಲಿ, ಮುಖ್ಯವಾಗಿ ಕೋಳಿಗಳನ್ನು ನೋಡಿಕೊಳ್ಳುವ ಹೆಂಗಸರಿಗೂ ಮಕ್ಕಳಿಗೂ, ತಿಳಿಯಹೇಳಬೇಕೆಂದು ಕೋರುತ್ತೇವೆ. ಒಂದು ರಾತ್ರಿಯ ತಾಳ್ಮೆಯಿಂದ ಉಳಿಯುವ ಮರಿಯು ಮುಂದೆ ಮನೆಗೆ ಮೊಟ್ಟೆಯನ್ನೂ ಬಡವನ ಕೈಗೆ ಕಾಸನ್ನೂ ತರುವ ಕೋಳಿಯಾಗುತ್ತದೆಂಬುದನ್ನು ಯಾರೂ ಮರೆಯಬಾರದು.