ತೊದಲು ನುಡಿಯ ವ್ಯಾಕರಣ

"ಅಜ್ಜಿ ನನಗೆ ಲಾಡು ಕೊಡಿದಳು" ಎಂದು ಮೂರು ವರ್ಷದ ಮಗುವೊಂದು ಹೇಳಿದರೆ ಮನೆಮಂದಿಯೆಲ್ಲ ನಗುತ್ತಾರೆ. ಅಕ್ಕನಾದವಳು, "ಕೊಡಿದಳು ಅಲ್ಲ ಕಣೋ, ಕೊಟ್ಟಳು" ಎಂದು ತಿದ್ದುತ್ತಾಳೆ. ಮಗು ಒಪ್ಪಿದಂತೆ ತಲೆಯಾಡಿಸಿ, ಮರುಗಳಿಗೆಯಲ್ಲಿಯೇ "ಹೂಂ, ಕೊಡಿದಳು" ಎನ್ನುತ್ತದೆ. ಯಲಹಂಕದ ಹಳೆಯ ಬೀದಿಯ ಮನೆಯಲ್ಲಾಗಲಿ, ಯಶವಂತಪುರದ ಮಾರುಕಟ್ಟೆಯ ಮಗ್ಗುಲಿನ ಮನೆಯಲ್ಲಾಗಲಿ, ಇಂಥ ಮಾತು ಕೇಳಿಬರದ ಮನೆ ಅಪರೂಪ. ನಕ್ಕು ಮರೆತುಬಿಡುವ ಈ ಮಾತಿನಲ್ಲಿ ಒಂದು ಕೌತುಕ ಅಡಗಿದೆ. "ಕೊಡಿದಳು" ಎಂಬ ರೂಪವನ್ನು ಆ ಮಗುವಿಗೆ ಯಾರೂ ಕಲಿಸಿಲ್ಲ. ದೊಡ್ಡವರು ಯಾರೂ ಹಾಗೆ ಆಡುವುದೂ ಇಲ್ಲ. ಹಾಗಾದರೆ ಅದು ಮಗುವಿನ ನಾಲಗೆಗೆ ಬಂದದ್ದು ಎಲ್ಲಿಂದ?

ಮಾಡು ಎಂಬುದಕ್ಕೆ ಮಾಡಿದಳು, ಓಡು ಎಂಬುದಕ್ಕೆ ಓಡಿದಳು, ಹಾಡು ಎಂಬುದಕ್ಕೆ ಹಾಡಿದಳು, ನೋಡು ಎಂಬುದಕ್ಕೆ ನೋಡಿದಳು. ದಿನವೂ ಕಿವಿಗೆ ಬೀಳುವ ಇಂಥ ನೂರಾರು ಮಾತುಗಳಿಂದ ಮಗು ತನಗೆ ತಿಳಿಯದಂತೆಯೇ ಒಂದು ಸೂತ್ರವನ್ನು ಕಟ್ಟಿಕೊಂಡಿದೆ. ಆ ಸೂತ್ರಕ್ಕೆ "ಕೊಡು" ಎಂಬ ಧಾತುವನ್ನು ಒಡ್ಡಿದರೆ "ಕೊಡಿದಳು" ಎಂದೇ ಆಗಬೇಕು. ನಿಯಮ ತಪ್ಪಿದ್ದು ಮಗುವಲ್ಲ, ಭಾಷೆ! ಕೊಡು, ಬರು, ಬೀಳು, ತಿನ್ನು ಮೊದಲಾದ ಧಾತುಗಳು ಕೊಟ್ಟಳು, ಬಂದಳು, ಬಿದ್ದಳು, ತಿಂದಳು ಎಂದು ತಮ್ಮ ತಮ್ಮ ದಾರಿ ಹಿಡಿದಿವೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಕ್ರಿಯಾಪದ ಪ್ರಕರಣವನ್ನು ಪುಸ್ತಕ ಹಿಡಿದು ಓದುತ್ತಾನೆ. ಆತನ ತಮ್ಮನೋ ತಂಗಿಯೋ ಪುಸ್ತಕವಿಲ್ಲದೆಯೇ ಅದರ ಬಹುಭಾಗವನ್ನು ಮುಗಿಸಿರುತ್ತದೆ.

ಇದು ಬರಿಯ ಊಹೆಯಲ್ಲ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬ ವಿದುಷಿ ಇದನ್ನು ಸರಳವಾದ ಪ್ರಯೋಗದಿಂದ ತೋರಿಸಿದರು. ಹಕ್ಕಿಯಂತಿರುವ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೆ "ವಗ್" ಎಂಬ ಹೆಸರಿಟ್ಟರು. ಆ ಶಬ್ದ ಯಾವ ನಿಘಂಟಿನಲ್ಲಿಯೂ ಇಲ್ಲ. ಬಳಿಕ ಅಂಥವೇ ಎರಡನ್ನು ತೋರಿಸಿ, "ಈಗ ಇಲ್ಲಿ ಎರಡು ಏನಿವೆ?" ಎಂದು ಕೇಳಿದರು. ಎಳೆಯ ಮಕ್ಕಳಲ್ಲಿ ಬಹುಮಂದಿ ಬಹುವಚನದ ಪ್ರತ್ಯಯವನ್ನು ಸೇರಿಸಿ "ವಗ್ಸ್" ಎಂದರು. ಎಂದೂ ಕೇಳದ ಶಬ್ದಕ್ಕೆ ಸರಿಯಾದ ರೂಪ ಕೊಟ್ಟರೆಂದ ಮೇಲೆ, ಮಕ್ಕಳು ಕೇಳಿದ್ದನ್ನು ಗಿಣಿಯಂತೆ ಒಪ್ಪಿಸುವುದಿಲ್ಲವೆಂಬುದು ಸ್ಪಷ್ಟವಾಯಿತು. ಕನ್ನಡದಲ್ಲಿ ಈ ಪ್ರಯೋಗವನ್ನು ಹಾಗೆಯೇ ಮಾಡಲು ಬರುವುದಿಲ್ಲ. "ಎರಡು ನಾಯಿ" ಎಂದರೆ ನಮ್ಮ ಭಾಷೆಗೆ ಸಾಕು. "ನಾಯಿಗಳು" ಎಂದೇ ಆಗಬೇಕೆಂಬ ಕಟ್ಟುಪಾಡಿಲ್ಲ. ಆದರೆ ಕ್ರಿಯಾಪದದಿಂದ ಮಾಡಿ ನೋಡಬಹುದು. "ಈ ಮಾಮ ದಿನವೂ ಗಿಮುಡುತ್ತಾನೆ. ನಿನ್ನೆ ಏನು ಮಾಡಿದ?" ಎಂದು ಕೇಳಿದರೆ, "ಗಿಮುಡಿದ" ಎಂಬ ಉತ್ತರ ಬರಲು ಹೆಚ್ಚು ಹೊತ್ತು ಬೇಕಾಗದು.

ಮಾಮನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಕೂಸು ತುಟಿಗಳನ್ನು ಮುಚ್ಚಿ ತೆರೆದಾಗ ಸುಲಭವಾಗಿ ಹೊರಡುವ ಧ್ವನಿಗಳು ಪ, ಬ, ಮಗಳು. ಆದುದರಿಂದಲೇ ಜಗತ್ತಿನ ಅನೇಕ ಭಾಷೆಗಳಲ್ಲಿ ತಾಯಿತಂದೆಯರನ್ನು ಕರೆಯುವ ಮಾತುಗಳು ಈ ಧ್ವನಿಗಳಿಂದಾಗಿವೆ ಎಂದು ಭಾಷಾವಿಜ್ಞಾನಿ ರೋಮನ್ ಯಾಕೋಬ್ಸನ್ ವಿವರಿಸಿದರು. ಕೂಸು ಸುಮ್ಮನೆ "ಮಾ ಮಾ" ಎನ್ನುತ್ತದೆ. ಅರ್ಥವನ್ನು ತುಂಬುವವರು ದೊಡ್ಡವರು. ಜಾರ್ಜಿಯ ದೇಶದ ಭಾಷೆಯಲ್ಲಿ "ಮಾಮಾ" ಎಂದರೆ ತಂದೆ. ಕನ್ನಡದ ಮನೆಯಲ್ಲಿ ಅದೇ ಧ್ವನಿ ಹೊರಟರೆ, ಊರಿನಿಂದ ಬಂದ ಸೋದರಮಾವ "ಮೊದಲು ನನ್ನನ್ನೇ ಕರೆಯಿತು" ಎಂದು ಬೀಗುತ್ತಾನೆ. ತಾಯಿ ಒಪ್ಪುವುದಿಲ್ಲ. ಇಬ್ಬರೂ ಜಗಳವಾಡುತ್ತಿರುವಾಗ ಕೂಸು ತನ್ನ ಕಾಲ್ಬೆರಳನ್ನು ನೋಡಿ ಅದನ್ನೂ "ಮಾಮಾ" ಎನ್ನುತ್ತದೆ.

ನಾಲಗೆ ಪಳಗುವ ತನಕ ಮಗು ಕಠಿಣವಾದ ಒತ್ತಕ್ಷರಗಳನ್ನು ಸಡಿಲಿಸಿಕೊಳ್ಳುತ್ತದೆ. ರಾಮ "ಲಾಮ" ಆಗುತ್ತಾನೆ. ದೇವಸ್ಥಾನದ ಪ್ರಸಾದ "ಪಸಾದ" ಆಗುತ್ತದೆ. ಇದನ್ನು ಕೇಳಿ ನಗುವ ವಿದ್ಯಾರ್ಥಿ ಒಂದು ಕ್ಷಣ ಯೋಚಿಸಬೇಕು. ಹಳಗನ್ನಡದಲ್ಲಿ "ಪಸಾದ" ಎಂಬ ತದ್ಭವ ರೂಪವೇ ಇತ್ತು. ಅದೇ ಮುಂದೆ "ಹಸಾದ"ವಾಯಿತು. ಪ್ರಯಾಣ ಪಯಣವಾದದ್ದು, ಶ್ರೀ ಸಿರಿಯಾದದ್ದು, ರತ್ನ ರನ್ನವಾದದ್ದು ಇದೇ ಜಾಡಿನಲ್ಲಿ. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮಕ್ಕಳಿಂದಲೇ ತದ್ಭವಗಳು ಹುಟ್ಟಿದುವೆಂದು ಇದರಿಂದ ಹೇಳಲಾಗದು. ಎಳೆಯ ನಾಲಗೆಗೂ ಜನಪದದ ನಾಲಗೆಗೂ ಭಾರವೆನಿಸುವ ಅಕ್ಷರಗಳು ಬಹುಮಟ್ಟಿಗೆ ಒಂದೇ ಎಂಬಷ್ಟನ್ನು ಹೇಳಬಹುದು.

ಲಿಂಗದ ವಿಷಯದಲ್ಲಿ ಕನ್ನಡ ಮಗುವಿನ ಪಾಡು ಇನ್ನೂ ಸ್ವಾರಸ್ಯವಾದುದು. ನಮ್ಮ ವ್ಯಾಕರಣದಲ್ಲಿ ಮಗು, ಶಿಶು, ಕೂಸು ಎಂಬ ಶಬ್ದಗಳು ನಿತ್ಯ ನಪುಂಸಕ ಲಿಂಗಗಳು. "ಪಾಪು ಎದ್ದಿತು, ಪಾಪು ಊಟ ಮಾಡಿತು" ಎಂದು ತನ್ನ ವಿಷಯವಾಗಿಯೇ ದಿನವೆಲ್ಲ ಕೇಳುತ್ತಿರುವ ಮಗು, ಸಂಜೆ ಬಾಗಿಲ ಬಳಿ ಚಪ್ಪಲಿಯ ಸದ್ದಾದೊಡನೆ "ಅಪ್ಪ ಬಂತು!" ಎಂದು ಕೂಗುತ್ತದೆ. ಅದರ ದೃಷ್ಟಿಯಲ್ಲಿ ಇದು ತಂದೆಗೆ ಮಾಡಿದ ಅವಮಾನವಲ್ಲ. ತನಗೆ ಸಂದ ಪ್ರತ್ಯಯವನ್ನೇ ಪ್ರೀತಿಯಿಂದ ತಂದೆಗೂ ಕೊಟ್ಟಿದೆ. ಕೆಲವು ತಿಂಗಳು ಕಳೆದು ಗೌರವದ ಬಹುವಚನ ತಿಳಿದ ಮೇಲೆ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯದು. ಆಗ ಬೀದಿಯ ನಾಯಿಯೂ "ಬಂದರು", ಕಾಗೆಯೂ "ಹಾರಿಹೋದರು".

ಬಂಧುವಾಚಕಗಳ ತೊಡಕು ಬೇರೆಯೇ. ಹಳೆಯ ಮೈಸೂರು ಸೀಮೆಯ ಅವಿಭಕ್ತ ಕುಟುಂಬಗಳಲ್ಲಿ ತಂದೆಯನ್ನು "ಅಣ್ಣ" ಎಂದು ಕರೆಯುತ್ತಿದ್ದ ಮಕ್ಕಳು ಬಹುಮಂದಿ. ಚಿಕ್ಕಪ್ಪಂದಿರೂ ಅತ್ತೆಯರೂ ಆತನನ್ನು ಅಣ್ಣ ಎನ್ನುತ್ತಿದ್ದುದನ್ನು ಕೇಳಿ ಮಗು ಅದನ್ನೇ ಹೆಸರೆಂದು ಭಾವಿಸಿತು. ಮುದ್ದಿಗೆ ಯಾರೂ ತಿದ್ದಲಿಲ್ಲ. ಹೀಗೆ ಒಂದು ತೊದಲು ಮಾತು ಮನೆತನದ ರೂಢಿಯಾಗಿ, ಆ ಮಕ್ಕಳು ಮುದುಕರಾದ ಮೇಲೆಯೂ "ನಮ್ಮಣ್ಣ" ಎಂದರೆ ತಂದೆಯೆಂದೇ ಅರ್ಥವಾಗುತ್ತಿತ್ತು. ಅಣ್ಣ, ತಮ್ಮ ಎಂಬುವು ಹೆಸರುಗಳಲ್ಲ, ಸಂಬಂಧಗಳು ಎಂಬುದು ತಿಳಿಯಲು ಕಾಲ ಬೇಕು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಇಂಥ ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟು ನೋಡಿದ್ದರು. "ನಿನಗೆ ಅಣ್ಣ ಇದ್ದಾನೆಯೇ?" "ಇದ್ದಾನೆ." "ನಿನ್ನ ಅಣ್ಣನಿಗೆ ತಮ್ಮ ಇದ್ದಾನೆಯೇ?" "ಇಲ್ಲ!"

ಪಿಯಾಜೆ ಕಂಡ ಇನ್ನೊಂದು ವಿಷಯ ಪ್ರತಿ ಅಡುಗೆಮನೆಯಲ್ಲಿಯೂ ನಡೆಯುವಂಥದು. ಅಗಲವಾದ ಲೋಟದ ಹಾಲನ್ನು ಮಗುವಿನ ಕಣ್ಣೆದುರಿಗೇ ಸಪುರವಾದ ಎತ್ತರದ ಲೋಟಕ್ಕೆ ಬಗ್ಗಿಸಿದರೆ, ಸುಮಾರು ಆರೇಳು ವರ್ಷದವರೆಗಿನ ಮಕ್ಕಳು ಹಾಲು ಹೆಚ್ಚಾಯಿತೆಂದೇ ಹೇಳುತ್ತಾರೆ. ಒಂದೇ ದೋಸೆ ಸಾಲದೆಂದು ಅಳುವ ಮಗುವಿಗೆ ಅದೇ ದೋಸೆಯನ್ನು ನಾಲ್ಕು ತುಂಡು ಮಾಡಿ ಕೊಟ್ಟರೆ ಸಮಾಧಾನವಾಗುವುದೂ ಇದರಿಂದಲೇ. ತಾಯಂದಿರಿಗೆ ಈ ತತ್ತ್ವ ಪಿಯಾಜೆಗಿಂತ ಮೊದಲೇ ಗೊತ್ತಿತ್ತು.

ದೊಡ್ಡವರ ನುಡಿಗಟ್ಟುಗಳು ಮಕ್ಕಳಿಗೆ ಅಕ್ಷರಶಃ ಕೇಳಿಸುತ್ತವೆ. "ನನ್ನ ತಲೆ ತಿನ್ನಬೇಡ" ಎಂದರೆ "ನಾನು ಉಪ್ಪಿಟ್ಟು ತಿನ್ನುತ್ತಿದ್ದೇನೆ" ಎಂಬ ಉತ್ತರ ಸಿದ್ಧ. "ಬಾಯಿಗೆ ಬೀಗ ಹಾಕು" ಎಂದರೆ ಬೀಗದ ಕೈ ಎಲ್ಲಿ ಎಂಬ ಪ್ರಶ್ನೆ. ತಿಂಗಳ ಕೊನೆಯಲ್ಲಿ "ಈಗ ಕೈ ಖಾಲಿ" ಎಂದು ತಂದೆ ಹೇಳಿದ್ದನ್ನು ಕೇಳಿ, ತನ್ನ ಬಿಸ್ಕತ್ತಿನ ಅರ್ಧವನ್ನು ಆ ಕೈಯಲ್ಲಿಡುವ ಮಗುವೂ ಉಂಟು. ಅಲ್ಲಿ ನಗುವುದು ಅಷ್ಟು ಸುಲಭವಲ್ಲ.

ಊರಿನ ಹೆಸರುಗಳನ್ನೂ ಮಕ್ಕಳು ಬಿಡಿಸಿ ನೋಡುತ್ತಾರೆ. ಆರ್.ಟಿ. ನಗರವೆಂಬುದು ರವೀಂದ್ರನಾಥ ಟ್ಯಾಗೋರ್ ನಗರದ ಸಂಕ್ಷೇಪ. ಮಗುವಿನ ಕಿವಿಗೆ ಅದು "ಆರತಿ ನಗರ". ಮಕ್ಕಳ ಮನಸ್ಸನ್ನೇ ವಸ್ತುವಾಗಿಸಿಕೊಂಡು 1903ರಲ್ಲಿ "ಶಿಶು" ಎಂಬ ಕವನ ಸಂಗ್ರಹವನ್ನು ಹೊರತಂದ ಆ ಕವಿಗೆ ಈ ಹೆಸರು ಬೇಸರ ತರುತ್ತಿರಲಿಲ್ಲ. "ಹೆಬ್ಬಾಳದಲ್ಲಿ ಹೆಬ್ಬಾವು ಇದೆಯೇ?" ಎಂಬ ಪ್ರಶ್ನೆಯಂತೂ ತಳ್ಳಿಹಾಕುವಂಥದಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ದೊರೆಯಿತು. ಅದರಲ್ಲಿ "ಪೆರ್ಬೊಳಲ್ ನಾಡು" ಎಂಬ ಹೆಸರಿದೆ. "ಪೆರ್" ಎಂದರೆ ಹಿರಿದಾದ, "ಪೊಳಲ್" ಎಂದರೆ ಪಟ್ಟಣ. ಹಿರಿದಾದ ಹಾವು ಹೆಬ್ಬಾವು, ಹಿರಿದಾದ ಮರ ಹೆಮ್ಮರ. ಹಾವು ಇಲ್ಲದಿದ್ದರೂ ಹೆಸರಿನ ಮೊದಲ ತುಂಡು ಒಂದೇ ಮೂಲದ್ದೆಂಬುದನ್ನು ಎಳೆಯ ಕಿವಿ ಹಿಡಿದಿತ್ತು.

ಯಲಹಂಕದ ಆಕಾಶದಲ್ಲಿ ವಾಯುಪಡೆಯ ವಿಮಾನಗಳು ಹಾರುವಾಗ ಮಗು ಕೈ ತೋರಿಸಿ, "ವಿಮಾನ ತನ್ನ ಸದ್ದನ್ನು ಮರೆತು ಮುಂದೆ ಹೋಯಿತು" ಎಂದರೆ ಅದು ಭೌತಶಾಸ್ತ್ರಕ್ಕೆ ಒಪ್ಪುವ ಮಾತೇ ಆಗಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಮೂರು ಕಿಲೋಮೀಟರಿಗಿಂತ ದೂರದಲ್ಲಿರುವ ವಿಮಾನದ ಸದ್ದು ಕಿವಿಗೆ ತಲುಪಲು ಹತ್ತು ಸೆಕೆಂಡುಗಳೇ ಬೇಕು. ಅಷ್ಟರಲ್ಲಿ ವಿಮಾನ ಬೇರೆಲ್ಲಿಯೋ ಇರುತ್ತದೆ.

ನಗರದ ಈ ಭಾಗದ ಮಕ್ಕಳ ಕಿವಿಗೆ ಬೀಳುವುದು ಒಂದೇ ಭಾಷೆಯಲ್ಲ. ಮನೆಯಲ್ಲಿ ತೆಲುಗು, ವಠಾರದಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಅಥವಾ ತಮಿಳು, ಶಾಲೆಯಲ್ಲಿ ಇಂಗ್ಲಿಷ್ ಎಂಬಂಥ ಸ್ಥಿತಿ ಸಾಮಾನ್ಯ. ಮಗುವಿಗೆ ಇವು ಬೇರೆ ಬೇರೆ ಭಾಷೆಗಳೆಂಬ ಹೆಸರು ತಿಳಿಯದಿದ್ದರೂ, ಯಾರೊಡನೆ ಯಾವುದನ್ನು ಆಡಬೇಕೆಂಬುದು ತಿಳಿದಿರುತ್ತದೆ. ತನ್ನ ಅಜ್ಜಿ ತೆಲುಗಿನವಳಾದರೆ ಅಜ್ಜಿಯರ ಮಾತೇ ಅದು ಎಂದು ತಿಳಿದು, ಬಸ್ ನಿಲ್ದಾಣದಲ್ಲಿ ಬಿಳಿಗೂದಲಿನ ಅಪರಿಚಿತ ಕನ್ನಡತಿಯನ್ನು ತೆಲುಗಿನಲ್ಲಿ ಮಾತಾಡಿಸುತ್ತದೆ. ನಿನ್ನೆ, ನಾಳೆಗಳು ಮಗುವಿನ ಬಾಯಲ್ಲಿ ಅದಲುಬದಲಾಗುವುದೂ ಉಂಟು; ಹಿಂದಿಯಲ್ಲಂತೂ ಎರಡಕ್ಕೂ "ಕಲ್" ಎಂಬ ಒಂದೇ ಮಾತಿರುವುದನ್ನು ಕಂಡರೆ ದೊಡ್ಡವರೇ ಮಕ್ಕಳೊಡನೆ ರಾಜಿ ಮಾಡಿಕೊಂಡಂತೆ ತೋರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಅನೇಕ ಮನೆಗಳಿಗೆ ಹಾನಿ ಮಾಡಿದೆ. ಮಗುವಿಗೆ ಮಾತು ತಡವಾದರೆ, ಹಲವು ಭಾಷೆಗಳನ್ನು ಕೇಳಿದುದೇ ಕಾರಣವೆಂದು ಹೇಳಿ ಮನೆಮಾತನ್ನು ನಿಲ್ಲಿಸುವವರಿದ್ದಾರೆ. ಹಲವು ಭಾಷೆಗಳ ನಡುವೆ ಬೆಳೆಯುವುದು ವಾಗ್ದೋಷಕ್ಕೆ ಕಾರಣವಲ್ಲ. ನಿಜವಾಗಿ ವಿಚಾರಿಸಬೇಕಾದುದು ಕಿವಿಯನ್ನು. ಹಿಂದಿನಿಂದ ಕರೆದರೆ ತಿರುಗದ ಮಗು, ಒಂದೂವರೆ ವರ್ಷವಾದರೂ ಅರ್ಥವುಳ್ಳ ಒಂದು ಮಾತನ್ನೂ ಆಡದ ಮಗು, ಎರಡು ವರ್ಷ ತುಂಬಿದರೂ "ಅಮ್ಮ ಬಾ" ಎಂಬಂತೆ ಎರಡು ಪದಗಳನ್ನು ಕೂಡಿಸದ ಮಗು—ಇಂಥವರನ್ನು ತಡಮಾಡದೆ ತಜ್ಞರಿಗೆ ತೋರಿಸಬೇಕು. "ದೊಡ್ಡವನಾದರೆ ತಾನಾಗಿ ಬರುತ್ತದೆ" ಎಂದು ಕಾಯುವ ಕಾಲವೇ ಭಾಷೆ ಬೇರೂರುವ ಕಾಲ. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆ ಮತ್ತು ಚಿಕಿತ್ಸೆಗಳಿಗೆ ಮೀಸಲಾದುದು. "ಕೊಡಿದಳು" ಎನ್ನುವ ಮಗುವಿನ ವಿಷಯದಲ್ಲಿ ಚಿಂತೆ ಬೇಡ. ಏನನ್ನೂ ಹೇಳದ ಮಗುವಿನ ಕಡೆಗೆ ಗಮನ ಹರಿಯಬೇಕು.

ನಗುವಿನಲ್ಲಿಯೂ ಎರಡು ಬಗೆಯುಂಟು. ಮಗು ಆಡಿದ ಮಾತಿಗೆ ಮನೆಯವರು ನಕ್ಕು, "ಹೌದೇ, ಅಜ್ಜಿ ಕೊಟ್ಟಳೇ? ಎಷ್ಟು ಕೊಟ್ಟಳು?" ಎಂದು ಮಾತು ಮುಂದುವರಿಸಿದರೆ ಸರಿಯಾದ ರೂಪ ತಾನಾಗಿಯೇ ಕಿವಿಗೆ ಬೀಳುತ್ತದೆ. ಅದನ್ನು ಬಿಟ್ಟು, ಬಂದ ನೆಂಟರ ಮುಂದೆಲ್ಲ ಮಗುವನ್ನು ನಿಲ್ಲಿಸಿ "ಎಲ್ಲಿ, ಇನ್ನೊಮ್ಮೆ ಹೇಳು" ಎಂದು ಆಡಿಸಿದರೆ, ಮಗು ತಾಯಿಯ ಸೆರಗಿನಲ್ಲಿ ಮುಖ ಮರೆಮಾಡುತ್ತದೆ. ಮುಂದೆ ಹೊಸಬರೆದುರು ಬಾಯಿ ತೆರೆಯಲು ಹಿಂಜರಿಯುತ್ತದೆ.

ಮಕ್ಕಳ ಮಾತನ್ನು ಬರೆದಿಟ್ಟವರಲ್ಲಿ ದೊಡ್ಡವರು ಹಲವರಿದ್ದಾರೆ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನ ನಡೆನುಡಿಗಳನ್ನು ಟಿಪ್ಪಣಿ ಮಾಡಿಟ್ಟು, 1877ರಲ್ಲಿ ಲೇಖನವಾಗಿ ಪ್ರಕಟಿಸಿದನು. ಒಂದು ವರ್ಷದ ಆ ಕೂಸು ಆಹಾರಕ್ಕೆ "ಮಮ್" ಎಂಬ ಮಾತನ್ನು ತಾನೇ ಕಟ್ಟಿಕೊಂಡಿತೆಂದು ಅದರಲ್ಲಿದೆ. ಕನ್ನಡದ ತಾಯಂದಿರು "ಮಮ್ಮು" ಎಂದು ತುತ್ತು ತಿನ್ನಿಸುವುದನ್ನು ಬಲ್ಲವರಿಗೆ ಇದು ಹೊಸದೆನಿಸದು. ರಷ್ಯಾದ ಕೊರ್ನೇಯ್ ಚುಕೋವ್‌ಸ್ಕಿ (1882–1969) ದೇಶದ ನಾನಾ ಕಡೆಗಳಿಂದ ತಾಯಿತಂದೆಯರು ಬರೆದು ಕಳುಹಿಸಿದ ಮಾತುಗಳನ್ನು ದಶಕಗಳ ಕಾಲ ಕೂಡಿಹಾಕಿ "ಎರಡರಿಂದ ಐದು" ಎಂಬ ಪುಸ್ತಕ ರಚಿಸಿದರು. ಇದಕ್ಕೆ ಬೇಕಾದ ಸಲಕರಣೆ ಒಂದು ನೋಟುಪುಸ್ತಕ ಮಾತ್ರ. ಆಡಿದ ಮಾತು, ತಾರೀಖು, ಮಗುವಿಗೆ ಅಂದು ಎಷ್ಟು ವರ್ಷ ಎಷ್ಟು ತಿಂಗಳು, ಯಾರೊಡನೆ ಯಾವ ಸಂದರ್ಭದಲ್ಲಿ ಆಡಿದ್ದು ಎಂಬಿಷ್ಟನ್ನು ಗುರುತಿಸಬೇಕು. ಮುಖ್ಯವಾಗಿ ಮಾತನ್ನು ಕೇಳಿದಂತೆಯೇ ಬರೆಯಬೇಕು. "ಕೊಡಿದಳು" ಎಂದದ್ದನ್ನು "ಕೊಟ್ಟಳು" ಎಂದು ತಿದ್ದಿ ಬರೆದ ಪುಟದಲ್ಲಿ ಮಗುವಿನದೇನೂ ಉಳಿದಿರುವುದಿಲ್ಲ.